ಕಡಿಮೆ ಖರ್ಚಿನಲ್ಲಿ ಹಿಮಾಲಯ ಚಾರಣ: ಹೂಗಳ ಕಣಿವೆ ಮತ್ತು ಹೇಮಕುಂಡಕ್ಕೆ ಹೋಗಿಬರುವ ಬಗೆ

ಉತ್ತರಾಖಂಡದ ಬೆಟ್ಟದೂರು ಜೋಶಿಮಠದಲ್ಲಿ ಒಂದು ದಿನ ಸುಮ್ನೆ ಉಳಿದುಕೊಳ್ಳಲು ಎಷ್ಟು ಖರ್ಚಾಗುತ್ತದೆ? ಇಬ್ಬರು ಒಂದು ಕೋಣೆ ಹಂಚಿಕೊಂಡರೆ ತಲೆಗೆ 400 ರೂಪಾಯಿ. ಊಟ, ಚಹಾ ಎಲ್ಲ ಸೇರಿ 350. ಒಟ್ಟು 750 ರೂಪಾಯಿ. ಮೊದಲ ಸಲ ಹೋದಾಗ ಈ 750 ಉಳಿಸಲು ಹೋಗಿ ನಾನು ಮತ್ತು ನನ್ನ ಗೆಳೆಯ ಇಡೀ ಚಾರಣವನ್ನೇ ಕಳೆದುಕೊಂಡೆವು.

ಬೆಳಗಿನ ಜಾವ ಹರಿದ್ವಾರ ಬಿಟ್ಟು ರಾತ್ರಿ ಬೆಟ್ಟದ ಬುಡದ ಗೋವಿಂದಘಾಟ್ ಸೇರಿದೆವು. ಮರುದಿನ ಮೇಲಿನ ಊರು ಘಾಂಗರಿಯಾ. ಅದರ ಮರುದಿನ ಬೆಳಿಗ್ಗೆ ನೇರ ಹೇಮಕುಂಡದ ಏರು, ಸಿಖ್ಖರ ಯಾತ್ರಾಸ್ಥಳ ಅದು. ಅರ್ಧ ದಾರಿ ಹತ್ತುವಷ್ಟರಲ್ಲಿ ಗೆಳೆಯನಿಗೆ ತಲೆ ಸಿಡಿಯುವ ನೋವು ಶುರುವಾಯಿತು. ಆಮೇಲೆ ವಾಂತಿ. ಮೈ ಎತ್ತರಕ್ಕೆ ಹೊಂದಿಕೊಂಡಿರಲಿಲ್ಲ. ಕುದುರೆ ಮಾಡಿಕೊಂಡು ಕೆಳಗಿಳಿಸಿದೆವು, ಅಲ್ಲಿಂದ ಗೋವಿಂದಘಾಟಿಗೆ. ಕೆಳಗೆ ಬಂದ ಮೇಲೆ ಅವನು ಚೇತರಿಸಿಕೊಂಡ. ಆದರೆ ಹೂಗಳ ಕಣಿವೆಯನ್ನು ನೋಡದೆ, ಹೇಮಕುಂಡವನ್ನೂ ನೋಡದೆ ರೈಲು ಹತ್ತಿದೆವು. ಕುದುರೆಗೆ ಕೊಟ್ಟ ದುಡ್ಡಿನಲ್ಲಿ ಜೋಶಿಮಠದಲ್ಲಿ ಮೂರು ದಿನ ಇರಬಹುದಿತ್ತು.

ಎರಡು ವರ್ಷ ಬಿಟ್ಟು ಮತ್ತೆ ಹೋದೆವು. ಈ ಸಲ ದುಡ್ಡಿನ ಲೆಕ್ಕ ಅಷ್ಟೇ ಬಿಗಿಯಾಗಿತ್ತು, ದಿನಗಳ ಲೆಕ್ಕ ಮಾತ್ರ ಸಡಿಲವಾಗಿತ್ತು. ಎರಡೂ ಜಾಗ ನೋಡಿ, ನಗುತ್ತಾ ಬಂದೆವು. ಈ ಬರಹದಲ್ಲಿ ನಾನು ಹೇಳಬೇಕಾದದ್ದು ಮುಖ್ಯವಾಗಿ ಅದನ್ನೇ. ಎತ್ತರದ ಬೆಟ್ಟಕ್ಕೆ ಹೋಗುವಾಗ ಹಣ ಉಳಿಸಲು ನೂರು ದಾರಿ ಇವೆ. ದಿನ ಉಳಿಸಲು ಒಂದೂ ಇಲ್ಲ.

ಈ ದಾರಿಯೇ ಯಾಕೆ?

ಹಿಮಾಲಯದ ಬಹಳಷ್ಟು ಚಾರಣಗಳಿಗೆ ಟೆಂಟು ಬೇಕು, ಅಡುಗೆಯವರು ಬೇಕು, ಗೈಡ್ ಬೇಕು. ಖರ್ಚು ಏರುವುದು ಅಲ್ಲೇ. ಉತ್ತರಾಖಂಡದ ಚಮೋಲಿ ಜಿಲ್ಲೆಯ ಈ ದಾರಿಗೆ ಅದ್ಯಾವುದೂ ಬೇಡ. ಘಾಂಗರಿಯಾ ಎಂಬ ಊರಿನಲ್ಲಿ ಲಾಡ್ಜುಗಳಿವೆ, ಢಾಬಾಗಳಿವೆ, ದೊಡ್ಡ ಗುರುದ್ವಾರ ಇದೆ. ಅಲ್ಲಿ ಬ್ಯಾಗು ಇಟ್ಟು ಒಂದು ದಿನ ಹೂಗಳ ಕಣಿವೆಗೆ, ಇನ್ನೊಂದು ದಿನ ಹೇಮಕುಂಡ ಸಾಹಿಬ್‌ಗೆ ಹೋಗಿ ಸಂಜೆಗೆ ವಾಪಸ್ಸು ಬರಬಹುದು. ದಾರಿಗೆ ಕಲ್ಲು ಹಾಸಿದ್ದಾರೆ. ಯಾತ್ರೆಯ ಕಾಲದಲ್ಲಿ ಜನ ಓಡಾಡುತ್ತಲೇ ಇರುತ್ತಾರೆ, ದಾರಿ ತಪ್ಪುವ ಭಯವಿಲ್ಲ.

ಹಾಗಂತ ಸುಲಭ ಎಂದುಕೊಳ್ಳಬೇಡಿ. ಘಾಂಗರಿಯಾ ಸುಮಾರು 3,050 ಮೀಟರ್ ಎತ್ತರದಲ್ಲಿದೆ. ಹೇಮಕುಂಡ 4,000 ಮೀಟರಿಗಿಂತಲೂ ಮೇಲೆ. ನಮ್ಮ ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯ ತುದಿ ಸುಮಾರು 1,930 ಮೀಟರ್. ಜೋಶಿಮಠದ ಪೇಟೆಯೇ ಹೆಚ್ಚುಕಡಿಮೆ ಆ ಎತ್ತರದಲ್ಲಿದೆ! ನಮ್ಮ ಬೆಟ್ಟ ಮುಗಿಯುವಲ್ಲಿ ಅವರ ದಾರಿ ಶುರುವಾಗುತ್ತದೆ.

ಒಂದು ಎಚ್ಚರಿಕೆ. ಗೈಡ್ ಇಲ್ಲದೆ ಹೋಗಬಹುದು ಎಂಬ ಮಾತು ಈ ದಾರಿಗಷ್ಟೇ. ಹಿಮದ ಮೇಲೆ ನಡೆಯುವ ಚಳಿಗಾಲದ ಚಾರಣಗಳಿಗೆ, ಎತ್ತರದ ಪಾಸ್‌ಗಳನ್ನು, ಅಂದರೆ ಬೆಟ್ಟಸಾಲಿನ ನಡುವಿನ ಸಂದುಗಳನ್ನು ದಾಟುವ ದಾರಿಗಳಿಗೆ ದಯವಿಟ್ಟು ಇದೇ ಲೆಕ್ಕ ಹಾಕಬೇಡಿ. ಅಂಥ ಕಡೆ ಕಡಿಮೆ ಖರ್ಚಿನಲ್ಲಿ ಹೋಗಬೇಕಾದರೆ ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್ ಆಫ್ ಇಂಡಿಯಾ ನಡೆಸುವ ಚಾರಣ ಶಿಬಿರಗಳನ್ನು ನೋಡಿ. ಲಾಭಕ್ಕಾಗಿ ನಡೆಯುವ ಸಂಸ್ಥೆ ಅಲ್ಲವಾದ್ದರಿಂದ ಶುಲ್ಕ ಕೈಗೆಟುಕುವಂತಿರುತ್ತದೆ.

ಮೊದಲ ಹೆಜ್ಜೆ: ತಿಂಗಳು ಗೊತ್ತು ಮಾಡಿಕೊಳ್ಳಿ

ಹೂಗಳ ಕಣಿವೆ ಜೂನ್ 1ರಿಂದ ಅಕ್ಟೋಬರ್ 31ರವರೆಗೆ ತೆರೆದಿರುತ್ತದೆ. ಹೇಮಕುಂಡದ ಯಾತ್ರೆ ಸಾಮಾನ್ಯವಾಗಿ ಮೇ ಕೊನೆಯಿಂದ ಅಕ್ಟೋಬರ್ ಎರಡನೇ ವಾರದವರೆಗೆ. ಜೂನ್‌ನಲ್ಲಿ ಹೋದರೆ ಹೇಮಕುಂಡದ ದಾರಿಯಲ್ಲಿ ಇನ್ನೂ ಹಿಮ ಇರುತ್ತದೆ, ಕಣಿವೆಯಲ್ಲಿ ಹೂವು ಕಡಿಮೆ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಹೂವಿನ ಸುಗ್ಗಿ. ಆದರೆ ಗುಡ್ಡ ಜರಿದು ರಸ್ತೆ ಮುಚ್ಚುವುದೂ ಆಗಲೇ.

ನನ್ನ ಆಯ್ಕೆ ಆಗಸ್ಟ್ ಕೊನೆಯ ವಾರದಿಂದ ಸೆಪ್ಟೆಂಬರ್ ಮೊದಲ ವಾರ. ಹೂವು ಸ್ವಲ್ಪ ಕಡಿಮೆಯಾಗಿದ್ದರೂ ಇರುತ್ತದೆ. ಮಳೆ ಇಳಿಮುಖವಾಗಿರುತ್ತದೆ. ಜನ ಕಡಿಮೆ, ಹಾಗಾಗಿ ಕೋಣೆ ಬಾಡಿಗೆಯಲ್ಲಿ ಚೌಕಾಸಿ ಮಾಡಬಹುದು. ಆಗಸ್ಟ್ 15ರ ಸುತ್ತಮುತ್ತಲಿನ ರಜೆಯ ದಿನಗಳಲ್ಲಂತೂ ಹೋಗಬೇಡಿ. ಅದೇ ಕೋಣೆಗೆ ಎರಡರಷ್ಟು ಕೇಳುತ್ತಾರೆ.

ಸೆಪ್ಟೆಂಬರ್ ಹತ್ತಿರವಾದಾಗ ಹೋಗಲು ಇನ್ನೊಂದು ಕಾರಣವೂ ಇದೆ. ಹೇಮಕುಂಡದ ಸುತ್ತ ಬಂಡೆಗಳ ಸಂದಿಯಲ್ಲಿ ಬ್ರಹ್ಮಕಮಲ ಅರಳಿರುತ್ತದೆ. ನಮ್ಮ ಮನೆಗಳ ಟೆರೇಸಿನಲ್ಲಿ ರಾತ್ರಿ ಅರಳುತ್ತದಲ್ಲ, ನೆರೆಹೊರೆಯವರನ್ನೆಲ್ಲ ಕರೆದು ತೋರಿಸುತ್ತೇವಲ್ಲ, ಅದು ಅಮೆರಿಕ ಖಂಡದಿಂದ ಬಂದ ಒಂದು ಕಳ್ಳಿ ಜಾತಿಯ ಗಿಡ. ಉತ್ತರಾಖಂಡದ ರಾಜ್ಯಪುಷ್ಪವಾದ ಬ್ರಹ್ಮಕಮಲ ಬೇರೆಯೇ. ತೆಳು ಹಳದಿ ಬಣ್ಣದ ಕಾಗದದಂಥ ಎಸಳುಗಳು ಒಳಗಿನ ನೇರಳೆ ಹೂಗಳನ್ನು ಚಳಿಯಿಂದ ಕಾಯುತ್ತಾ ನಿಂತಿರುತ್ತವೆ. ಅದನ್ನು ಮೊದಲ ಸಲ ಕಂಡಾಗ ನಾನು ಅಲ್ಲೇ ಕೂತುಬಿಟ್ಟೆ.

ಎರಡನೇ ಹೆಜ್ಜೆ: 14 ದಿನ ಎತ್ತಿಡಿ

ಬೆಂಗಳೂರಿನಿಂದ ರೈಲಿನಲ್ಲಿ ಹೋಗಿಬರುವುದಾದರೆ ಮನೆಯಿಂದ ಮನೆಗೆ 14 ದಿನ ಬೇಕು. ಜಾಸ್ತಿ ಅನ್ನಿಸಬಹುದು. ಲೆಕ್ಕ ನೋಡಿ.

ಮೊದಲ ದಿನ ಸಂಜೆ ರೈಲು. ಮೂರನೇ ದಿನ ಬೆಳಿಗ್ಗೆ ದೆಹಲಿ, ಅದೇ ದಿನ ಹರಿದ್ವಾರ. ನಾಲ್ಕನೇ ದಿನ ಬಸ್ಸಿನಲ್ಲಿ ಜೋಶಿಮಠ. ಐದನೇ ದಿನ ಜೋಶಿಮಠದಲ್ಲೇ ವಿಶ್ರಾಂತಿ. ಆರನೇ ದಿನ ಗೋವಿಂದಘಾಟ್ ಮೂಲಕ ಘಾಂಗರಿಯಾ. ಏಳನೇ ದಿನ ಹೂಗಳ ಕಣಿವೆ. ಎಂಟನೇ ದಿನ ಹೇಮಕುಂಡ. ಒಂಬತ್ತನೇ ದಿನ ಖಾಲಿ. ಹತ್ತನೇ ದಿನ ಇಳಿದು ಜೋಶಿಮಠ. ಹನ್ನೊಂದನೇ ದಿನ ಹರಿದ್ವಾರ. ಹನ್ನೆರಡನೇ ದಿನ ದೆಹಲಿ, ರಾತ್ರಿ ರೈಲು. ಹದಿನಾಲ್ಕನೇ ದಿನ ಮನೆ.

ಆ ಖಾಲಿ ದಿನವನ್ನು ಯಾರೂ ಕದಿಯದ ಹಾಗೆ ನೋಡಿಕೊಳ್ಳಿ. ಮಳೆ ಸುರಿದರೆ, ರಸ್ತೆ ಮುಚ್ಚಿದರೆ, ಯಾರಿಗಾದರೂ ಮೈ ಸರಿಯಿಲ್ಲದಿದ್ದರೆ ಅದು ಉಪಯೋಗಕ್ಕೆ ಬರುತ್ತದೆ. ಏನೂ ಆಗದಿದ್ದರೆ ಎರಡನೇ ಸಲ ಕಣಿವೆಗೆ ಹೋಗಿ. ನಾವು ಹಾಗೇ ಮಾಡಿದೆವು.

ಅಷ್ಟು ರಜೆ ಸಿಗುವುದಿಲ್ಲ ಎನ್ನುವವರು ಒಂದು ಕಡೆಗೆ ವಿಮಾನದಲ್ಲಿ ಹೋಗಿ. ಬೇಗನೆ ಬುಕ್ ಮಾಡಿದರೆ ತೀರಾ ದುಬಾರಿಯಾಗುವುದಿಲ್ಲ. ಬಯಲಿನ ದಿನಗಳನ್ನು ಬೇಕಾದರೆ ಕತ್ತರಿಸಿ. ಬೆಟ್ಟದ ದಿನಗಳನ್ನು ಮುಟ್ಟಬೇಡಿ.

ಮೂರನೇ ಹೆಜ್ಜೆ: ರೈಲು ಟಿಕೆಟ್

ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. 2024ರ ನವೆಂಬರ್‌ಗೆ ಮುಂಚೆ ಇದು 120 ದಿನ ಇತ್ತು. ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಗುರುತು ಹಾಕಿ, ಬೆಳಿಗ್ಗೆ 8 ಗಂಟೆಗೆ ಸರಿಯಾಗಿ ಕೂತು ಬುಕ್ ಮಾಡಿ. ತತ್ಕಾಲ್ ನಂಬಿ ಕೂತರೆ ಮೊದಲ ಹೆಜ್ಜೆಯಲ್ಲೇ ಬಜೆಟ್ ಹರಿಯುತ್ತದೆ.

ಕರ್ನಾಟಕ ಎಕ್ಸ್‌ಪ್ರೆಸ್ ಬೆಂಗಳೂರಿನಿಂದ ಹೊರಟು ರಾಯಚೂರು, ಕಲಬುರಗಿ ಮೇಲೆ ಹಾದು ದೆಹಲಿಗೆ ಹೋಗುತ್ತದೆ. ಬೆಳಗಾವಿಯವರಿಗೆ ಗೋವಾ ಎಕ್ಸ್‌ಪ್ರೆಸ್ ಇದೆ. ಮಂಗಳೂರು, ಉಡುಪಿಯವರಿಗೆ ಮಂಗಳಾ ಲಕ್ಷದ್ವೀಪ ಎಕ್ಸ್‌ಪ್ರೆಸ್. ಸ್ಲೀಪರ್ ದರ್ಜೆಯಲ್ಲಿ ಬೆಂಗಳೂರಿನಿಂದ ಒಂದು ಕಡೆಗೆ ಸಾವಿರ ರೂಪಾಯಿಯ ಆಸುಪಾಸು. ದೆಹಲಿಯಿಂದ ಹರಿದ್ವಾರಕ್ಕೆ ರೈಲೂ ಇದೆ, ಕಾಶ್ಮೀರಿ ಗೇಟಿನಿಂದ ಸರ್ಕಾರಿ ಬಸ್ಸೂ ಇದೆ. ಬಸ್ಸಿಗೆ ಐದಾರು ಗಂಟೆ. ದೆಹಲಿಗೆ ರೈಲು ತಡವಾಗಿ ಬರುವುದು ಮಾಮೂಲಿ, ಆದ್ದರಿಂದ ಈ ತುಂಡಿಗೆ ನಾನು ಮೊದಲೇ ಬುಕ್ ಮಾಡುವುದಿಲ್ಲ. ಬಸ್ಸೇ ಹಿಡಿಯುತ್ತೇನೆ.

ರೈಲಿನ ಎರಡು ದಿನಕ್ಕೆ ಮನೆಯಿಂದಲೇ ಊಟ ಕಟ್ಟಿಕೊಳ್ಳಿ. ಪುಳಿಯೋಗರೆ, ಚಪಾತಿ ಒಂದು ದಿನಕ್ಕೆ. ಎರಡನೇ ದಿನಕ್ಕೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ. ಇದರಲ್ಲಿ ಉಳಿಯುವ ದುಡ್ಡು ಸಣ್ಣದಲ್ಲ, ಹೊಟ್ಟೆಯೂ ಕೆಡುವುದಿಲ್ಲ. ಬೆಟ್ಟ ಹತ್ತುವ ಮುಂಚೆ ಹೊಟ್ಟೆ ಕೆಡಿಸಿಕೊಂಡವರು ಮೇಲೆ ಬಹಳ ಕಷ್ಟಪಡುತ್ತಾರೆ.

ಟಿಕೆಟ್ ಆದ ಮೇಲೆ ಉತ್ತರಾಖಂಡ ಪ್ರವಾಸೋದ್ಯಮ ಇಲಾಖೆಯ ಯಾತ್ರಾ ಜಾಲತಾಣದಲ್ಲಿ ಹೇಮಕುಂಡಕ್ಕೆ ಹೆಸರು ನೋಂದಾಯಿಸಿ. ಅದಕ್ಕೆ ಶುಲ್ಕವಿಲ್ಲ. ಯಾರಾದರೂ ದುಡ್ಡು ಕೇಳಿದರೆ ಅವರಿಂದ ದೂರವಿರಿ.

ನಾಲ್ಕನೇ ಹೆಜ್ಜೆ: ಎರಡು ತಿಂಗಳು ಮೈ ಪಳಗಿಸಿ

ಇದಕ್ಕೆ ಜಿಮ್ ಬೇಡ. ಮೆಟ್ಟಿಲು ಸಾಕು. ಅಪಾರ್ಟ್‌ಮೆಂಟಿನಲ್ಲಿ ಇರುವವರು ಲಿಫ್ಟ್ ಬಿಟ್ಟುಬಿಡಿ. ವಾರಕ್ಕೆ ನಾಲ್ಕು ದಿನ ಚುರುಕಾಗಿ ಐದು ಕಿಲೋಮೀಟರ್ ನಡೆಯಿರಿ. ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಿದೆ, ಬೆಂಗಳೂರಿನವರಿಗೆ ನಂದಿ ಬೆಟ್ಟದ ಹಳೆಯ ಮೆಟ್ಟಿಲು ದಾರಿ, ಶಿವಗಂಗೆ. ಬೆನ್ನಿಗೆ ಆರೇಳು ಕಿಲೋ ತೂಕದ ಬ್ಯಾಗು ಹಾಕಿಕೊಂಡು ಹತ್ತಿ.

ಹೊರಡುವ ಮೂರು ವಾರ ಮುಂಚೆ ಒಂದು ದೊಡ್ಡ ಏರು ಹತ್ತಿ ನೋಡಿ. ಕುಕ್ಕೆಯಿಂದ ಕುಮಾರಪರ್ವತಕ್ಕೆ ಏರುವುದು ಸುಮಾರು 1,600 ಮೀಟರ್. ಘಾಂಗರಿಯಾದಿಂದ ಹೇಮಕುಂಡದ ಏರು ಅದಕ್ಕಿಂತ ಕಡಿಮೆಯೇ. ಆದರೆ ಮಳೆಗಾಲದಲ್ಲಿ ಕುಮಾರಪರ್ವತಕ್ಕೆ ಬಿಡುವುದಿಲ್ಲ, ಹಾಗಾಗಿ ಆಗ ತೆರೆದಿರುವ ಬೇರೆ ಬೆಟ್ಟ ಹುಡುಕಿಕೊಳ್ಳಿ. ಒಂದೇ ದಿನ ಚಾಮುಂಡಿ ಬೆಟ್ಟ ಮೂರು ಸಲ ಹತ್ತಿ ಇಳಿದರೂ ಸರಿ, ಮೊಣಕಾಲಿನ ಗಟ್ಟಿತನ ಗೊತ್ತಾಗುತ್ತದೆ.

ಒಂದು ಮಾತು ನೆನಪಿರಲಿ. ಈ ಅಭ್ಯಾಸ ಕಾಲಿಗೆ, ಉಸಿರಿಗೆ. ಎತ್ತರಕ್ಕೆ ಮೈ ಹೊಂದಿಕೊಳ್ಳುವುದು ಎತ್ತರದಲ್ಲಿ ಕಳೆಯುವ ದಿನಗಳಿಂದ ಮಾತ್ರ. ದಿನಾ ಹತ್ತು ಕಿಲೋಮೀಟರ್ ಓಡುವವರಿಗೂ ಎತ್ತರದ ಕಾಯಿಲೆ ಬರುತ್ತದೆ. ನನ್ನ ಗೆಳೆಯ ನನಗಿಂತ ಗಟ್ಟಿಗ, ಅವನಿಗೇ ಬಂತು. ಗಟ್ಟಿಗರು ಬೇಗ ಬೇಗ ಹತ್ತುತ್ತಾರೆ, ಅವರಿಗೆ ಅದೇ ಅಪಾಯ.

ರಕ್ತದೊತ್ತಡ, ಹೃದಯದ ತೊಂದರೆ, ಉಬ್ಬಸ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಹೊರಡಲೇಬಾರದು.

ಐದನೇ ಹೆಜ್ಜೆ: ಬ್ಯಾಗು ತುಂಬುವುದು

ದುಡ್ಡು ಕೊಟ್ಟು ಕೊಳ್ಳಬೇಕಾದ ವಸ್ತು ಎರಡೇ. ಒಂದು ಶೂ. ಇನ್ನೊಂದು ಮಳೆ ತಡೆಯುವ ಬಟ್ಟೆ.

ಶೂ ಹೊಸದನ್ನು ಕೊಂಡು ನೇರ ಬೆಟ್ಟಕ್ಕೆ ಹಾಕಿಕೊಂಡು ಹೋಗಬೇಡಿ. ಒಂದು ತಿಂಗಳು ಮೊದಲೇ ಕೊಂಡು ಅಭ್ಯಾಸದ ನಡಿಗೆಯಲ್ಲಿ ಹಾಕಿಕೊಳ್ಳಿ. ಅಡಿಭಾಗದ ಹಲ್ಲು ಆಳವಾಗಿರಬೇಕು. ಇಳಿಯುವಾಗ ಬೆರಳು ಮುಂದಕ್ಕೆ ಗುದ್ದದ ಹಾಗೆ ಅರ್ಧ ಸೈಜು ದೊಡ್ಡದೇ ತೆಗೆದುಕೊಳ್ಳಿ. ಕೊಳ್ಳಬೇಕಾದದ್ದು ಏನಾದರೂ ಬಾಡಿಗೆಗೆ ಸಿಗುತ್ತದೆಯೇ ಎಂದು ಮೊದಲು ವಿಚಾರಿಸಿ. ಜಾಕೆಟ್, ದೊಡ್ಡ ಬ್ಯಾಗು ಬಾಡಿಗೆಗೆ ತಂದರೆ ನಡೆಯುತ್ತದೆ. ಶೂ ಮಾತ್ರ ಸ್ವಂತದ್ದೇ ಇರಲಿ.

ಮಳೆಗೆ ಬ್ಯಾಗು ಸಮೇತ ಮುಚ್ಚುವ ಪಾಂಚೊ ಒಳ್ಳೆಯದು. ಬ್ಯಾಗಿನ ಮೇಲೆ ಹಾಕುವ ಕವರ್ ನಂಬಬೇಡಿ. ಬ್ಯಾಗಿನ ಒಳಗೆ ಕಸ ತುಂಬುವ ದಪ್ಪ, ದೊಡ್ಡ ಪ್ಲಾಸ್ಟಿಕ್ ಚೀಲವನ್ನು ಹರಡಿ ಅದರೊಳಗೆ ಬಟ್ಟೆ ಇಡಿ. ಹತ್ತು ರೂಪಾಯಿಯ ಚೀಲ, ಆದರೆ ಒಣಗಿದ ಬಟ್ಟೆ ಸಂಜೆ ಕೈಗೆ ಸಿಕ್ಕಾಗ ಅದರ ಬೆಲೆ ಗೊತ್ತಾಗುತ್ತದೆ.

ಜೀನ್ಸ್ ಬೇಡ. ನಡೆಯುವಾಗ ಹತ್ತಿ ಬಟ್ಟೆಯೂ ಬೇಡ. ಒದ್ದೆಯಾದರೆ ಎರಡು ದಿನ ಒಣಗುವುದಿಲ್ಲ, ಮೈಯ ಶಾಖವನ್ನೆಲ್ಲ ಎಳೆದುಕೊಳ್ಳುತ್ತದೆ. ಕ್ರಿಕೆಟ್ ಆಡುವವರ ಪಾಲಿಸ್ಟರ್ ಟೀ ಶರ್ಟ್ ಮೂರು, ಟ್ರ್ಯಾಕ್ ಪ್ಯಾಂಟ್ ಎರಡು, ಒಂದು ಬೆಚ್ಚನೆಯ ಫ್ಲೀಸ್ ಜಾಕೆಟ್, ಅಜ್ಜಿ ಹೆಣೆದ ಸ್ವೆಟರ್ ಇದ್ದರೆ ಅದು, ಉಣ್ಣೆ ಟೋಪಿ, ಕೈಗವಸು, ನಾಲ್ಕು ಜೊತೆ ಕಾಲುಚೀಲ. ಮಲಗಲು ಒಂದು ಜೊತೆ ಬಟ್ಟೆ ಬೇರೆ, ಅದನ್ನು ಹಗಲು ಮುಟ್ಟಬೇಡಿ. ಟಾರ್ಚು, ನೀರಿನ ಬಾಟಲಿ, ಓಆರ್‌ಎಸ್, ಪ್ಯಾರಸಿಟಮಾಲ್, ಬ್ಯಾಂಡೇಜ್, ಆಧಾರ್ ಕಾರ್ಡ್ ಮತ್ತು ಅದರ ಎರಡು ನಕಲು. ಸ್ಲೀಪಿಂಗ್ ಬ್ಯಾಗ್ ಬೇಡ, ಕೋಣೆಯಲ್ಲೂ ಗುರುದ್ವಾರದಲ್ಲೂ ಕಂಬಳಿ ಕೊಡುತ್ತಾರೆ.

ಊರುಗೋಲಿಗೆ ಸಾವಿರಗಟ್ಟಲೆ ಕೊಡಬೇಡಿ. ಗೋವಿಂದಘಾಟಿನಲ್ಲಿ ಕೋಲು ಮಾರುತ್ತಾರೆ, ಚಿಲ್ಲರೆ ಹಣಕ್ಕೆ ಸಿಗುತ್ತದೆ. ಇಳಿಯುವಾಗ ಮೊಣಕಾಲು ಉಳಿಸುವುದು ಅದೇ.

ತಿನ್ನಲು ಕಡಲೆ ಚಿಕ್ಕಿ, ಶೇಂಗಾ ಉಂಡೆ, ಖರ್ಜೂರ, ಒಣದ್ರಾಕ್ಷಿ ಊರಿನಿಂದಲೇ ಒಯ್ಯಿರಿ. ಮೇಲೆ ಪ್ರತಿ ಬಿಸ್ಕತ್ತಿಗೂ ಹೇಸರಗತ್ತೆಯ ಬಾಡಿಗೆ ಸೇರಿರುತ್ತದೆ. ಒಂದು ಡಬ್ಬಿ ಚಟ್ನಿಪುಡಿಯೂ ಇರಲಿ. ಎತ್ತರದಲ್ಲಿ ನಾಲಿಗೆ ಸಪ್ಪೆಯಾಗುತ್ತದೆ, ಅನ್ನ ಸೇರುವುದಿಲ್ಲ. ಚಟ್ನಿಪುಡಿ ಕಲಸಿಕೊಂಡರೆ ನಾಲ್ಕು ತುತ್ತು ಒಳಗೆ ಹೋಗುತ್ತದೆ.

ಆರನೇ ಹೆಜ್ಜೆ: ಹರಿದ್ವಾರದಿಂದ ಜೋಶಿಮಠ

ಬದರಿನಾಥ, ಜೋಶಿಮಠದ ಕಡೆಯ ಬಸ್ಸುಗಳು ಹರಿದ್ವಾರ, ಋಷಿಕೇಶದಿಂದ ಬೆಳಗಿನ ಜಾವವೇ ಹೊರಡುತ್ತವೆ. ರಾತ್ರಿ ಹೊತ್ತು ಆ ಬೆಟ್ಟದ ದಾರಿಯಲ್ಲಿ ಬಸ್ಸು ಓಡುವುದಿಲ್ಲ. ಹಿಂದಿನ ಸಂಜೆಯೇ ನಿಲ್ದಾಣಕ್ಕೆ ಹೋಗಿ ಸಮಯ ಕೇಳಿ, ಸೀಟು ಹಿಡಿದಿಡಿ. ಬಸ್ಸು ತಪ್ಪಿದರೆ ಹಂಚಿಕೊಂಡು ಹೋಗುವ ಜೀಪುಗಳಿವೆ. ಒಂದೇ ಜೀಪು ಜೋಶಿಮಠದವರೆಗೆ ಸಿಗದಿದ್ದರೆ ರುದ್ರಪ್ರಯಾಗ, ಚಮೋಲಿ ಎಂದು ತುಂಡು ತುಂಡಾಗಿ ಹೋಗಬಹುದು.

ಋಷಿಕೇಶದಿಂದ ಜೋಶಿಮಠ ಸುಮಾರು 250 ಕಿಲೋಮೀಟರ್. ಹತ್ತು ಗಂಟೆ ಹಿಡಿಯುತ್ತದೆ. ದೇವಪ್ರಯಾಗ, ರುದ್ರಪ್ರಯಾಗ, ಕರ್ಣಪ್ರಯಾಗ, ನಂದಪ್ರಯಾಗ, ನಾಲ್ಕೂ ದಾರಿಯಲ್ಲೇ ಬರುತ್ತವೆ. ಐದನೆಯ ವಿಷ್ಣುಪ್ರಯಾಗ ಜೋಶಿಮಠ ದಾಟಿದ ಮೇಲೆ. ಬಸ್ಸಿನ ಬಲಗಡೆ ಕಿಟಕಿ ಸಿಕ್ಕರೆ ದೇವಪ್ರಯಾಗದವರೆಗೂ ನದಿ ಕಾಣುತ್ತದೆ. ತಲೆಸುತ್ತು ಬರುವವರು ಮುಂದಿನ ಸೀಟಿನಲ್ಲಿ ಕೂರಿ.

ಜೋಶಿಮಠಕ್ಕೆ ಈಗ ಜ್ಯೋತಿರ್ಮಠ ಎಂಬ ಹೆಸರು ಅಧಿಕೃತವಾಗಿದೆ. ಶಂಕರಾಚಾರ್ಯರ ಉತ್ತರದ ಪೀಠ ಇದು. ದಕ್ಷಿಣದ ಪೀಠ ನಮ್ಮ ಶೃಂಗೇರಿ. ತುಂಗೆಯ ತೀರದಿಂದ ಬಂದವರಿಗೆ ಇಲ್ಲಿ ಅಲಕನಂದೆಯ ಮೇಲಿನ ಈ ಊರಲ್ಲಿ ಒಂದು ಬಗೆಯ ನಂಟು ಅನ್ನಿಸುತ್ತದೆ. 2023ರ ಜನವರಿಯಲ್ಲಿ ಇದೇ ಊರಿನಲ್ಲಿ ನೆಲ ಕುಸಿದು ನೂರಾರು ಮನೆಗಳು ಬಿರುಕು ಬಿಟ್ಟವು. ಆ ಜನ ಇನ್ನೂ ಪ್ರವಾಸಿಗಳನ್ನೇ ನಂಬಿ ಬದುಕುತ್ತಿದ್ದಾರೆ. ಚೌಕಾಸಿ ಮಾಡಿ, ಆದರೆ ಗಂಟಲು ಹಿಡಿಯಬೇಡಿ.

ವಿಶ್ರಾಂತಿ ದಿನ ಎಂದರೆ ಮಲಗಿರುವುದಲ್ಲ. ಊರಿನ ಮೇಲಿರುವ ಔಲಿಯ ಕಡೆ ಕಾಲುದಾರಿಯಲ್ಲಿ ಎರಡು ಮೂರು ಗಂಟೆ ಮೇಲೆ ಹತ್ತಿ, ಮತ್ತೆ ಇಳಿದು ಬಂದು ಊರಲ್ಲಿ ಮಲಗಿ. ಹಗಲು ಎತ್ತರಕ್ಕೆ ಹೋಗಿ, ರಾತ್ರಿ ಕೆಳಗೆ ಮಲಗುವುದು ಮೈಗೆ ಎತ್ತರ ರೂಢಿಯಾಗಲು ಒಳ್ಳೆಯ ದಾರಿ. ಎಟಿಎಂನಿಂದ ಹಣ ತೆಗೆಯುವುದೂ ಇಲ್ಲೇ. ಮುಂದಕ್ಕೆ ಯುಪಿಐ ನಂಬಿಕೊಂಡು ಹೋಗಬೇಡಿ, ನೆಟ್‌ವರ್ಕ್ ಬಂದರೆ ಬಂತು.

ಏಳನೇ ಹೆಜ್ಜೆ: ಘಾಂಗರಿಯಾಕ್ಕೆ ಏರುವುದು

ಜೋಶಿಮಠದಿಂದ ಗೋವಿಂದಘಾಟ್ ಸುಮಾರು 20 ಕಿಲೋಮೀಟರ್, ಹಂಚಿಕೆಯ ಜೀಪು ಸಿಗುತ್ತದೆ. ಅಲ್ಲಿಂದ ಪುಲ್ನಾ ಎಂಬ ಹಳ್ಳಿಯವರೆಗೆ ಇನ್ನೊಂದು ಜೀಪು, ನಾಲ್ಕು ಕಿಲೋಮೀಟರ್. ಪುಲ್ನಾದಿಂದ ಘಾಂಗರಿಯಾ ಹತ್ತು ಕಿಲೋಮೀಟರ್ ಹತ್ತಿರ ನಡಿಗೆ. 2013ರ ಪ್ರವಾಹ ಇಲ್ಲಿನ ಹಳೆಯ ದಾರಿಯನ್ನೂ ಸೇತುವೆಗಳನ್ನೂ ಕೊಚ್ಚಿಕೊಂಡು ಹೋಗಿತ್ತು. ಭ್ಯೂಂಡಾರ್ ಹಳ್ಳಿ ದಾಟಿದ ಮೇಲೆ ಏರು ಕಡಿದಾಗುತ್ತದೆ.

ಬೆಳಿಗ್ಗೆ ಎಂಟಕ್ಕೆ ನಡೆಯಲು ಶುರು ಮಾಡಿದರೆ ಮಧ್ಯಾಹ್ನ ಎರಡು ಮೂರಕ್ಕೆ ತಲುಪುತ್ತೀರಿ. ಜೊತೆಗಿರುವವರ ಹತ್ತಿರ ಮಾತಾಡುತ್ತಾ ನಡೆಯಲು ಆಗುವಷ್ಟು ನಿಧಾನವಾಗಿ ಹೋಗಿ. ಮಾತು ತುಂಡಾದರೆ ವೇಗ ಜಾಸ್ತಿಯಾಗಿದೆ ಎಂದರ್ಥ. ಬ್ಯಾಗು ತೀರಾ ಭಾರ ಅನ್ನಿಸಿದರೆ ಇಬ್ಬರು ಮೂವರ ಸಾಮಾನು ಸೇರಿಸಿ ಒಬ್ಬ ಪಿಟ್ಟೂಗೆ ಕೊಡಿ. ಹೊರೆ ಹೊರುವವರನ್ನು ಅಲ್ಲಿ ಹಾಗೆ ಕರೆಯುತ್ತಾರೆ. ಹಂಚಿಕೊಂಡರೆ ದುಬಾರಿಯಲ್ಲ, ಅವರಿಗೂ ಆ ನಾಲ್ಕು ತಿಂಗಳ ದುಡಿಮೆಯೇ ವರ್ಷದ ಆಸರೆ.

ಘಾಂಗರಿಯಾದಲ್ಲಿ ಕೋಣೆಯನ್ನು ಕಣ್ಣಾರೆ ನೋಡಿ, ಕಂಬಳಿ ಮುಟ್ಟಿ, ನಾಲ್ಕು ರಾತ್ರಿಗೆ ಸೇರಿಸಿ ದರ ಮಾತಾಡಿ. ಬಿಸಿನೀರಿಗೆ ಬಕೆಟ್ ಲೆಕ್ಕದಲ್ಲಿ ದುಡ್ಡು.

ಗುರುದ್ವಾರದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಋಷಿಕೇಶ, ಜೋಶಿಮಠ, ಗೋವಿಂದಘಾಟ್, ಘಾಂಗರಿಯಾ, ಎಲ್ಲ ಕಡೆಯೂ ಹೇಮಕುಂಡ ಯಾತ್ರಿಗಳಿಗಾಗಿ ಗುರುದ್ವಾರಗಳಿವೆ. ಯಾವ ಜಾತಿ, ಯಾವ ಧರ್ಮ ಎಂದು ಕೇಳದೆ ಊಟ, ಮಲಗಲು ಜಾಗ, ಕಂಬಳಿ ಕೊಡುತ್ತಾರೆ. ದುಡ್ಡು ಕೇಳುವುದಿಲ್ಲ. ಇದನ್ನು ಪುಕ್ಕಟೆ ಲಾಡ್ಜು ಎಂದು ಯಾರಾದರೂ ಕರೆದರೆ ನನಗೆ ಬೇಸರವಾಗುತ್ತದೆ. ಅದು ಯಾತ್ರಿಗಳ ಮನೆ. ತಲೆಗೆ ಬಟ್ಟೆ ಕಟ್ಟಿಕೊಳ್ಳಿ, ಚಪ್ಪಲಿ ಹೊರಗೆ ಬಿಡಿ, ಬೀಡಿ, ಸಿಗರೇಟು, ಮದ್ಯ ಹತ್ತಿರವೂ ತರಬೇಡಿ. ಊಟ ಬಿಸಾಡಬೇಡಿ. ಲಂಗರಿನಲ್ಲಿ, ಅಂದರೆ ಗುರುದ್ವಾರದ ಊಟದ ಮನೆಯಲ್ಲಿ, ಉಂಡ ಮೇಲೆ ಅರ್ಧ ಗಂಟೆ ಪಾತ್ರೆ ತೊಳೆಯಲು ನಿಲ್ಲಿ. ಹುಂಡಿಗೆ ಕೈಲಾದಷ್ಟು ಹಾಕಿ. ಯಾತ್ರಿಗಳ ದಟ್ಟಣೆ ಇರುವ ದಿನ ನೀವು ಕೋಣೆ ಮಾಡಿಕೊಂಡು, ಅಲ್ಲಿನ ಜಾಗವನ್ನು ವಯಸ್ಸಾದವರಿಗೆ ಬಿಡಿ.

ಎಂಟನೇ ಹೆಜ್ಜೆ: ಮೊದಲು ಕಣಿವೆ, ಆಮೇಲೆ ಹೇಮಕುಂಡ

ಈ ಕ್ರಮ ತಪ್ಪಿಸಬೇಡಿ. ಕಣಿವೆಯ ದಾರಿ ಘಾಂಗರಿಯಾಕ್ಕಿಂತ ಕೆಲವು ನೂರು ಮೀಟರ್ ಅಷ್ಟೇ ಮೇಲೆ. ಆ ದಿನದ ನಡಿಗೆಯಲ್ಲಿ ಮೈ ಎತ್ತರಕ್ಕೆ ಹೊಂದಿಕೊಳ್ಳುತ್ತದೆ. ನಾವು ಮೊದಲ ಸಲ ತಲೆಕೆಳಗು ಮಾಡಿದ್ದೆವು.

ಊರು ದಾಟಿದ ಕೂಡಲೇ ಅರಣ್ಯ ಇಲಾಖೆಯ ಚೌಕಿ. ಬೆಳಿಗ್ಗೆ ಏಳಕ್ಕೆ ತೆರೆಯುತ್ತದೆ. ಗುರುತಿನ ಚೀಟಿ ತೋರಿಸಿ ಪರವಾನಗಿ ತೆಗೆದುಕೊಳ್ಳಬೇಕು, ಭಾರತೀಯರಿಗೆ ಒಂದೆರಡು ನೂರು ರೂಪಾಯಿ, ಮೂರು ದಿನ ನಡೆಯುತ್ತದೆ. ರಸೀದಿ ಜೋಪಾನ. ಒಳಗೆ ಒಂದೂ ಅಂಗಡಿ ಇಲ್ಲ, ಕುದುರೆಯನ್ನೂ ಬಿಡುವುದಿಲ್ಲ. ಢಾಬಾದಲ್ಲಿ ಆಲೂ ಪರಾಠಾ ಕಟ್ಟಿಸಿಕೊಂಡು, ನೀರು ತುಂಬಿಕೊಂಡು ಹೋಗಿ. ಸಂಜೆ ಐದರೊಳಗೆ ವಾಪಸ್ಸು ಬರಬೇಕು.

1931ರಲ್ಲಿ ಕಾಮೆತ್ ಶಿಖರ ಹತ್ತಿ ಮರಳುತ್ತಿದ್ದ ಫ್ರಾಂಕ್ ಸ್ಮೈದ್ ಎಂಬ ಬ್ರಿಟಿಷ್ ಪರ್ವತಾರೋಹಿ ಈ ಕಣಿವೆಯನ್ನು ಹೊರಜಗತ್ತಿಗೆ ಪರಿಚಯಿಸಿದ. 2005ರಲ್ಲಿ ಇದು ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಪುಷ್ಪಾವತಿ ನದಿಯ ಸೇತುವೆ ದಾಟಿ ಕಡಿದಾದ ಏರು ಮುಗಿಸಿದರೆ ಕಣಿವೆ ತೆರೆದುಕೊಳ್ಳುತ್ತದೆ. ನಮ್ಮ ಕರ್ಣಕುಂಡಲದ ಜಾತಿಯ ಗುಲಾಬಿ ಬಣ್ಣದ ಹೂವು ಆಳೆತ್ತರ ಬೆಳೆದು ದಾರಿಯ ಎರಡೂ ಕಡೆ ನಿಂತಿರುತ್ತದೆ. ಬಹಳ ಜನ ಅಲ್ಲೇ ಫೋಟೋ ತೆಗೆದು ಹಿಂದಿರುಗುತ್ತಾರೆ. ನೀವು ಇನ್ನೂ ಒಂದೆರಡು ಕಿಲೋಮೀಟರ್ ಒಳಗೆ ಹೋಗಿ. ಜೋನ್ ಮಾರ್ಗರೆಟ್ ಲೆಗ್ ಅವರ ಸಮಾಧಿ ಅಲ್ಲಿದೆ. ಹೂಗಳನ್ನು ಸಂಗ್ರಹಿಸಲು ಬಂದ ಆಕೆ 1939ರಲ್ಲಿ ಇಲ್ಲೇ ಜಾರಿ ಬಿದ್ದು ತೀರಿಕೊಂಡರು. ಆ ಕಲ್ಲಿನ ಸುತ್ತ ಈಗಲೂ ಹೂವು ಅರಳುತ್ತದೆ. ಒಂದನ್ನೂ ಕೀಳಬೇಡಿ.

ಹೇಮಕುಂಡದ ದಿನ ಬೆಳಿಗ್ಗೆ ಐದೂವರೆ, ಆರಕ್ಕೆಲ್ಲ ಹೊರಡಿ. ದೂರ ಆರು ಕಿಲೋಮೀಟರ್ ಅಷ್ಟೇ, ಆದರೆ ಏರು ಸಾವಿರ ಮೀಟರಿಗೂ ಜಾಸ್ತಿ. ಕೊನೆಯ ಭಾಗದಲ್ಲಿ ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳ ಅಡ್ಡದಾರಿ ಇದೆ. ಹತ್ತಿರ ಎಂದು ಅದನ್ನು ಹಿಡಿಯಬೇಡಿ, ಸುತ್ತು ದಾರಿಯಲ್ಲೇ ನಿಧಾನವಾಗಿ ಹೋಗಿ. ಮೇಲೆ ತಲುಪಿದರೆ ಬೆಟ್ಟಗಳ ನಡುವೆ ಸರೋವರ, ಅದರ ದಡದಲ್ಲಿ ಗುರುದ್ವಾರ, ಪಕ್ಕದಲ್ಲಿ ಲಕ್ಷ್ಮಣನ ಪುಟ್ಟ ಗುಡಿ. ಲಂಗರಿನಲ್ಲಿ ಬಿಸಿ ಖಿಚಡಿ, ಚಹಾ. ನಾನು ಜೀವನದಲ್ಲಿ ತಿಂದ ಅತ್ಯಂತ ರುಚಿಯಾದ ಊಟ ಆ ಖಿಚಡಿ. ಅಲ್ಲಿ ರಾತ್ರಿ ತಂಗಲು ಬಿಡುವುದಿಲ್ಲ. ಮಧ್ಯಾಹ್ನ ಎರಡರೊಳಗೆ ಇಳಿಯಲು ಶುರು ಮಾಡಬೇಕು. ಮಂಜು ಕವಿಯುವ ಮುಂಚೆ, ಹನ್ನೆರಡಕ್ಕೇ ಇಳಿದರೆ ಇನ್ನೂ ಒಳ್ಳೆಯದು.

ಮೈ ಕೊಡುವ ಸೂಚನೆಗಳು

ಹೇಮಕುಂಡದ ಎತ್ತರದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದಲ್ಲಿ ಸಿಗುವುದರ ಶೇಕಡಾ 60ರ ಆಸುಪಾಸು. ತಲೆನೋವು, ಹಸಿವಾಗದಿರುವುದು, ವಾಕರಿಕೆ, ನಿದ್ದೆ ಬಾರದಿರುವುದು ಮೊದಲ ಸೂಚನೆಗಳು. ಇಷ್ಟೇ ಆದರೆ ಆ ದಿನ ಮೇಲೆ ಹೋಗಬೇಡಿ. ಘಾಂಗರಿಯಾದಲ್ಲೇ ಇದ್ದು ನೀರು ಕುಡಿಯಿರಿ, ವಿಶ್ರಾಂತಿ ತೆಗೆದುಕೊಳ್ಳಿ. ಖಾಲಿ ದಿನ ಇಟ್ಟಿದ್ದು ಇದಕ್ಕೇ.

ಸುಮ್ನೆ ಕೂತಾಗಲೂ ಏದುಸಿರು ಬಂದರೆ, ಕೆಮ್ಮಿನಲ್ಲಿ ನೊರೆ ಬಂದರೆ, ಮಾತು ತೊದಲಿದರೆ, ನೇರ ಗೆರೆಯ ಮೇಲೆ ಹೆಜ್ಜೆಗೆ ಹೆಜ್ಜೆ ಜೋಡಿಸಿ ನಡೆಯಲು ಆಗದಿದ್ದರೆ ಅದು ಜೀವಕ್ಕೇ ಅಪಾಯ. ಬೆಳಗಾಗಲಿ ಎಂದು ಕಾಯಬೇಡಿ. ಯಾತ್ರೆಯ ಕಾಲದಲ್ಲಿ ಅಲ್ಲಿರುವ ಪೊಲೀಸರು, ಗುರುದ್ವಾರದವರ ನೆರವು ಪಡೆದು ಕೂಡಲೇ ಕೆಳಗಿಳಿಸಿ. ಇಳಿಯುವುದೇ ಔಷಧಿ. ಎತ್ತರದ ಕಾಯಿಲೆ ತಡೆಯಲು ಕೊಡುವ ಡಯಾಮಾಕ್ಸ್ ಮಾತ್ರೆ ಬೇಕೇ ಬೇಡವೇ ಎಂಬುದನ್ನು ಊರಲ್ಲೇ ವೈದ್ಯರ ಹತ್ತಿರ ಕೇಳಿಕೊಂಡು ಬನ್ನಿ. ಸಲ್ಫಾ ಔಷಧಿ ಆಗದವರು ಅದನ್ನು ಮೊದಲೇ ಹೇಳಬೇಕು. ಮದ್ಯ, ನಿದ್ದೆ ಮಾತ್ರೆ ಬೇಡವೇ ಬೇಡ.

ತಲೆನೋವು ಬಂದರೂ ಹೇಳದೆ ಮುಚ್ಚಿಡುವವರು ಪ್ರತಿ ಗುಂಪಿನಲ್ಲೂ ಇರುತ್ತಾರೆ. ಉಳಿದವರಿಗೆ ತೊಂದರೆಯಾಗುತ್ತದಲ್ಲ ಎಂಬ ಸಂಕೋಚ ಅದು. ಹೊರಡುವ ಮುಂಚೆಯೇ ಎಲ್ಲರೂ ಕೂತು ಮಾತಾಡಿಕೊಳ್ಳಿ. ಒಬ್ಬರಿಗೆ ಆಗದಿದ್ದರೆ ಒಬ್ಬರನ್ನೇ ಬಿಡುವುದಿಲ್ಲ, ಯಾರೂ ಅವರ ಮೇಲೆ ಬೇಜಾರು ಮಾಡಿಕೊಳ್ಳುವುದಿಲ್ಲ ಎಂದು.

ದುಡ್ಡಿನ ಲೆಕ್ಕ

ಕಳೆದ ಸಲ ನಾನು ಬರೆದಿಟ್ಟ ಲೆಕ್ಕ ಇದು, ಒಬ್ಬರಿಗೆ. ಬೆಂಗಳೂರಿನಿಂದ ದೆಹಲಿಗೆ ಹೋಗಿಬರಲು ಸ್ಲೀಪರ್ 2,000 ರೂಪಾಯಿ. ದೆಹಲಿ, ಹರಿದ್ವಾರದ ನಡುವೆ ಎರಡೂ ಕಡೆಗೆ 700. ಹರಿದ್ವಾರದಿಂದ ಗೋವಿಂದಘಾಟ್‌ವರೆಗೆ ಹೋಗಿಬರಲು 2,000. ಪುಲ್ನಾ ಜೀಪು, ಸಣ್ಣಪುಟ್ಟ ಓಡಾಟ 300. ಒಂಬತ್ತು ರಾತ್ರಿ ಕೋಣೆ, ಇಬ್ಬರು ಹಂಚಿಕೊಂಡು 3,600. ಊಟ ತಿಂಡಿ 14 ದಿನಕ್ಕೆ 4,900. ಪರವಾನಗಿ, ಕೋಲು, ಇತರೆ 500. ಒಟ್ಟು 14,000. ದರಗಳು ವರ್ಷದಿಂದ ವರ್ಷಕ್ಕೆ ಏರುತ್ತವೆ, ಸಾವಿರ ಎರಡು ಸಾವಿರ ಜಾಸ್ತಿಯೇ ಹಿಡಿದುಕೊಳ್ಳಿ.

ಇದರ ಮೇಲೆ 5,000 ರೂಪಾಯಿ ನಗದು ಬೇರೆ ಕವರಿನಲ್ಲಿ ಹಾಕಿ, ಬ್ಯಾಗಿನ ತಳದಲ್ಲಿಡಿ. ಅದು ಕುದುರೆಗೆ, ಜೀಪಿಗೆ, ರಸ್ತೆ ಮುಚ್ಚಿದ ದಿನದ ಕೋಣೆಗೆ. ಶಾಲು ಕೊಳ್ಳಲು ಅಲ್ಲ. ಆ ಕವರು ಒಡೆಯದೆ ಮನೆಗೆ ಬಂದರೆ ಮುಂದಿನ ವರ್ಷದ ಚಾರಣಕ್ಕೆ ಮೊದಲ ಕಂತು ಆಯಿತು. ನಮ್ಮದು ಹಾಗೇ ವಾಪಸ್ಸು ಬಂತು. ಅದರಲ್ಲಿ ಗೆಳೆಯ ಈಗ ಉತ್ತರಾಖಂಡದ ಇನ್ನೊಂದು ಚಾರಣವಾದ ಹರ್ ಕಿ ದೂನ್‌ಗೆ ಹೋಗಲು ಶೂ ಕೊಂಡಿದ್ದಾನೆ, ದಿನಾ ಹಾಕಿಕೊಂಡು ಪಳಗಿಸುತ್ತಿದ್ದಾನೆ.